ಝೆನ್ಫ್ಟೆನ್‌ಬರ್ಗ್ ಸರೋವರದಲ್ಲಿ ಈಜಬೇಕೆಂದಿದ್ದೇವೆ: ಬೇಲಿಯಾಚೆಯ ದಡ ಸುರಕ್ಷಿತವೇ?

ಹೊಸದಡ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಜರ್ಮನಿಯ ಬ್ರಾಂಡೆನ್‌ಬರ್ಗ್ ರಾಜ್ಯದ ಝೆನ್ಫ್ಟೆನ್‌ಬರ್ಗ್ ಎಂಬ ಸಣ್ಣ ಪಟ್ಟಣಕ್ಕೆ ನಾನು ಓದಲು ಬಂದು ಒಂಬತ್ತು ತಿಂಗಳಾದವು. ಪಟ್ಟಣದ ಅಂಚಿಗೇ ದೊಡ್ಡ ಸರೋವರವಿದೆ. ಕಳೆದ ವಾರದಿಂದ ಬಿಸಿಲು 30 ಡಿಗ್ರಿ ದಾಟಿದ್ದು, ಊರಿಗೆ ಊರೇ ನೀರಿಗಿಳಿದಂತೆ ಕಾಣುತ್ತಿದೆ. ನಾವು ಆರು ಮಂದಿ ಕನ್ನಡದ ವಿದ್ಯಾರ್ಥಿಗಳು ಈ ಶನಿವಾರ ಬುತ್ತಿ ಕಟ್ಟಿಕೊಂಡು ಅಲ್ಲಿಗೆ ಹೋಗುವುದೆಂದು ನಿಶ್ಚಯಿಸಿದ್ದೇವೆ.

ಆರು ಮಂದಿಯಲ್ಲಿ ನನಗೂ ಇನ್ನೊಬ್ಬನಿಗೂ ಈಜು ಚೆನ್ನಾಗಿಯೇ ಬರುತ್ತದೆ. ನಾನು ಕಲಿತದ್ದು ಅಜ್ಜನ ತೋಟದ ಬಾವಿಯಲ್ಲಿ, ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು. ಇಬ್ಬರು ಬೆಂಗಳೂರಿನ ಈಜುಕೊಳದಲ್ಲಿ ಒಂದು ಬೇಸಿಗೆ ರಜೆಯಲ್ಲಿ ಕಲಿತವರು. ಉಳಿದಿಬ್ಬರಿಗೆ ಈಜು ಬಾರದು. ಸೊಂಟದ ಮಟ್ಟದ ನೀರಿನಲ್ಲಿ ನಿಂತುಕೊಳ್ಳುತ್ತೇವೆ ಎನ್ನುತ್ತಿದ್ದಾರೆ.

ಸಾರ್ವಜನಿಕ ಸ್ನಾನದ ದಡಗಳಲ್ಲಿ ಕಾಲಿಡಲು ಜಾಗವಿಲ್ಲ. ನಮ್ಮಲ್ಲೊಬ್ಬ ಸೈಕಲ್ಲಿನಲ್ಲಿ ಸುತ್ತುವಾಗ, ಪೈನ್ ಮರಗಳ ಆಚೆ ಬಿಳಿ ಮರಳಿನ, ನಿರ್ಜನವಾದ ಸುಂದರ ದಡವೊಂದನ್ನು ಕಂಡು ಬಂದಿದ್ದಾನೆ. ಅಲ್ಲಿಗೆ ಹೋಗಲು ಬೇಲಿಯ ಹರಿದ ಭಾಗವನ್ನು ದಾಟಬೇಕು. ಬೇಲಿಯ ಮೇಲೆ ಫಲಕವೂ ಇದೆ, ಆದರೆ ಒಳಗೆ ಯಾರೋ ಕುಳಿತು ಎದ್ದ ಗುರುತುಗಳೂ ಇದ್ದವಂತೆ. ಅಲ್ಲಿ ಇಳಿಯಬಹುದೇ? ಈ ಸರೋವರದ ಬಗ್ಗೆ ತಿಳಿದವರು ದಯವಿಟ್ಟು ಹೇಳಿ.

ನೀರಹಾದಿ

ಫಲಕದಲ್ಲಿ ಏನು ಬರೆದಿತ್ತು ಎಂಬುದನ್ನು ಮೊದಲು ತಿಳಿಸಿ.

ಹೊಸದಡ

ಗೆಳೆಯ ತೆಗೆದ ಚಿತ್ರವನ್ನು ಈಗ ನೋಡಿದೆ. "ಬೆಟ್ರೇಟೆನ್ ಫೆರ್‌ಬೋಟೆನ್", ಅದರ ಕೆಳಗೆ ದೊಡ್ಡ ಅಕ್ಷರಗಳಲ್ಲಿ "ಲೇಬೆನ್ಸ್‌ಗೆಫಾರ್" ಎಂದಿದೆ. ಪ್ರವೇಶ ನಿಷಿದ್ಧ, ಜೀವಕ್ಕೆ ಅಪಾಯ ಎಂದು ಅರ್ಥ ಮಾಡಿಕೊಂಡಿದ್ದೇನೆ. ನೀರಿನ ಬಗ್ಗೆ ಏನೂ ಬರೆದಿಲ್ಲ.

ಲೌಸಿಟ್ಸ್‌ವಾಸಿ

ದಯವಿಟ್ಟು ಆ ಬೇಲಿಯನ್ನು ದಾಟಬೇಡಿ. ಫಲಕ ನೀರಿನ ಬಗ್ಗೆ ಮಾತಾಡುತ್ತಿಲ್ಲ, ನೆಲದ ಬಗ್ಗೆ ಮಾತಾಡುತ್ತಿದೆ. ನಾನು ನೆಲ ಮಣ್ಣಿನ ಗಟ್ಟಿತನವನ್ನು ಪರೀಕ್ಷಿಸುವ ಭೂತಾಂತ್ರಿಕ ಕ್ಷೇತ್ರದಲ್ಲಿ ಕೆಲಸ ಮಾಡುವವನು, ಈ ಪ್ರದೇಶದಲ್ಲಿ ಏಳು ವರ್ಷಗಳಿಂದ ಇದ್ದೇನೆ. ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನೀವು ನೋಡುತ್ತಿರುವುದು ಪ್ರಕೃತಿ ಮಾಡಿದ ಸರೋವರವಲ್ಲ. ಅದು ನೀಮ್ಚ್ ಎಂಬ ಕಂದು ಕಲ್ಲಿದ್ದಲಿನ ತೆರೆದ ಗಣಿಯ ಗುಂಡಿ. ಗಣಿ ಮುಗಿದ ಮೇಲೆ, 1967ರಿಂದ ಶ್ವಾರ್ಟ್ಸೆ ಎಲ್‌ಸ್ಟರ್ ನದಿಯ ನೀರನ್ನು ಅದಕ್ಕೆ ಹರಿಸಿ ತುಂಬಿಸಿದರು. 1973ರಲ್ಲಿ ಗ್ರೋಸ್‌ಕೋಶೆನ್ ದಡವನ್ನು ಜನರ ಸ್ನಾನಕ್ಕೆ ತೆರೆದರು. ಲೌಸಿಟ್ಸ್ ಸೀಮೆಯಲ್ಲಿ ಇಂದು ಕಾಣುವ ದೊಡ್ಡ ಸರೋವರಗಳೆಲ್ಲ ಹೆಚ್ಚುಕಡಿಮೆ ಹೀಗೆಯೇ ಹುಟ್ಟಿದವು.

ಕಲ್ಲಿದ್ದಲು ಸಿಗಬೇಕಾದರೆ ಅದರ ಮೇಲಿನ ಹತ್ತಾರು ಮೀಟರ್ ಮರಳು ಮಣ್ಣನ್ನು ತೆಗೆದು, ಅಗೆದು ಮುಗಿದ ಬದಿಗೆ ಸುರಿಯುತ್ತಾರೆ. ಹಾಗೆ ಸುರಿದ ಮರಳು ಒತ್ತಾಗಿ ಕೂರುವುದಿಲ್ಲ. ಕಣಗಳ ನಡುವೆ ಸಂದು ಉಳಿಯುತ್ತದೆ. ಗಣಿ ನಡೆಯುವಷ್ಟು ಕಾಲ ಪಂಪುಗಳು ಅಂತರ್ಜಲವನ್ನು ಕೆಳಗೆ ಹಿಡಿದಿಡುತ್ತವೆ. ಪಂಪು ನಿಂತ ಮೇಲೆ ನೀರು ಮೇಲೇರಿ ಆ ಸಂದುಗಳನ್ನೆಲ್ಲ ತುಂಬುತ್ತದೆ. ಅಂಥ ನೆಲ ನೋಡಲು ಗಟ್ಟಿಯಾಗಿಯೇ ಇರುತ್ತದೆ, ಮೇಲೆ ಹುಲ್ಲೂ ಮರವೂ ಬೆಳೆಯುತ್ತವೆ. ಆದರೆ ಸಣ್ಣದೊಂದು ಅದುರಿಗೆ ಕಣಗಳು ಒಂದರಿಂದೊಂದು ಕಳಚಿಕೊಂಡು, ಮರಳೆಲ್ಲ ಗಂಜಿಯಂತಾಗಿ ಹರಿಯಬಹುದು. ಜರ್ಮನ್ನರು ಇದನ್ನು "ಝೆಟ್ಸುಂಗ್ಸ್‌ಫ್ಲೀಸೆನ್" ಎನ್ನುತ್ತಾರೆ. ಹಾಗೆ ಹರಿಯುವ ನೆಲದ ಮೇಲೆ ನಿಂತವನಿಗೆ ಈಜು ಬಂದರೂ ಒಂದೇ, ಬಾರದಿದ್ದರೂ ಒಂದೇ.

ಸ್ನಾನಕ್ಕೆ ತೆರೆದ ದಡಗಳನ್ನು ಗಟ್ಟಿಗೊಳಿಸಿದ್ದಾರೆ. ಈ ಸೀಮೆಯಲ್ಲಿ ಕಂಪಿಸುವ ಉದ್ದನೆಯ ಉಕ್ಕಿನ ಈಟಿಗಳನ್ನು ನೆಲದಾಳಕ್ಕೆ ಇಳಿಸಿ ಮರಳನ್ನು ಒತ್ತಾಗಿಸುತ್ತಾರೆ, ಕೆಲವೆಡೆ ಸಿಡಿಮದ್ದಿನಿಂದಲೂ ಆ ಕೆಲಸ ಮಾಡುತ್ತಾರೆ. ಬೇಲಿಯ ಆಚೆಗೆ ಆ ಭರವಸೆ ಇಲ್ಲ. ಬೇಲಿ ಇರುವುದೇ ಆ ಕಾರಣಕ್ಕೆ.

ಬಾವಿಯೀಜುಗ

ಗೌರವದಿಂದಲೇ ಭಿನ್ನಾಭಿಪ್ರಾಯ ಹೇಳುತ್ತೇನೆ. ನಾನು ಜರ್ಮನಿಯಲ್ಲಿ ಹನ್ನೆರಡು ವರ್ಷಗಳಿಂದ ಇದ್ದೇನೆ, ಪ್ರತಿ ಬೇಸಿಗೆಯಲ್ಲೂ ಸರೋವರಗಳಲ್ಲಿ ಈಜುತ್ತೇನೆ. ಈ ದೇಶದಲ್ಲಿ ಮರ ಹತ್ತಬೇಡಿ ಎನ್ನುವುದಕ್ಕೂ ಫಲಕ, ಹುಲ್ಲು ತುಳಿಯಬೇಡಿ ಎನ್ನುವುದಕ್ಕೂ ಫಲಕ ನೆಡುತ್ತಾರೆ. ಎಲ್ಲ ಫಲಕಗಳಿಗೂ ಹೆದರಿದರೆ ಮನೆಯಿಂದ ಹೊರಡುವಂತಿಲ್ಲ. ಸ್ಥಳೀಯ ಹುಡುಗರೇ ಒಳಗೆ ಕುಳಿತು ಹೋಗಿದ್ದಾರೆ ಎಂದ ಮೇಲೆ ಆ ದಡ ಇಂದೋ ನಾಳೆಯೋ ಕುಸಿಯುವಂಥದ್ದಲ್ಲ ಎಂದೇ ನನ್ನ ತಿಳಿವಳಿಕೆ. ಬಾವಿಯಲ್ಲಿ ಕಲಿತವನಿಗೆ ಆಳದ ಭಯವೂ ಇರುವುದಿಲ್ಲ. ಹೊಸಬರನ್ನು ಹೀಗೆ ಹೆದರಿಸಿದರೆ ಅವರು ನೀರಿನ ಸಂಗವನ್ನೇ ಬಿಟ್ಟುಬಿಡುತ್ತಾರೆ.

ಲೌಸಿಟ್ಸ್‌ವಾಸಿ

ನಿಮ್ಮ ಅನುಭವವನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ಈ ಸೀಮೆಯ ನೆಲ ಬೇರೆ. 2010ರ ಅಕ್ಟೋಬರಿನಲ್ಲಿ ಇಲ್ಲಿಗೆ ದೂರವಲ್ಲದ ಸ್ಪ್ರೇಟಾಲ್ ಬಳಿ ಹಳೆಯ ಗಣಿ ಮಣ್ಣಿನ ವಿಶಾಲವಾದ ಬಯಲೊಂದು ಒಮ್ಮೆಗೇ ದ್ರವವಾಯಿತು. ಲಾರಿಗಳು ನೆಲದಲ್ಲಿ ಹೂತವು, ಮೇಯುತ್ತಿದ್ದ ಕುರಿಮಂದೆ ಮುಳುಗಿತು. ಅದು ಸರೋವರದ ದಡವೂ ಆಗಿರಲಿಲ್ಲ, ಸಮತಟ್ಟಾದ ಬಯಲು. ಅದಕ್ಕೂ ಮೊದಲು, 2009ರ ಜುಲೈ 18ರ ಬೆಳಗಿನ ಜಾವ, ಝಾಕ್ಸೆನ್-ಆನ್‌ಹಾಲ್ಟ್ ರಾಜ್ಯದ ನಾಖ್ಟರ್‌ಸ್ಟೆಟ್ ಎಂಬಲ್ಲಿ ಇಂಥದೇ ಗಣಿ ಸರೋವರದ ದಡ ಜಾರಿ, ಮನೆಗಳು ಮಲಗಿದ್ದವರ ಸಮೇತ ನೀರಿಗೆ ಹೋದವು. ಮೂವರು ಸತ್ತರು. ಹಿಂದಿನ ರಾತ್ರಿ ಮಲಗುವಾಗ ಅವರಿಗೂ ಆ ನೆಲ ಗಟ್ಟಿಯಾಗಿಯೇ ಕಂಡಿತ್ತು.

ಝೆನ್ಫ್ಟೆನ್‌ಬರ್ಗ್ ಸರೋವರದ ನಡುವಿನ ದ್ವೀಪವನ್ನೇ ನೋಡಿ. ಅದು ಗಣಿಯ ಸಡಿಲ ಮಣ್ಣಿನ ರಾಶಿ. ಅಲ್ಲಿಗೆ ಕಾಲಿಡಲು ಯಾರಿಗೂ ಅನುಮತಿಯಿಲ್ಲ. 2018ರ ಸೆಪ್ಟೆಂಬರಿನಲ್ಲಿ ಆ ದ್ವೀಪದ ದಡ ಕುಸಿದು, ಸರೋವರದ ಒಂದು ಭಾಗವನ್ನು ಮುಚ್ಚಬೇಕಾಯಿತು. ನೀರು ತುಂಬಿ ನಾಲ್ಕು ದಶಕ ಕಳೆದ ಮೇಲೆ ನಡೆದ ಮಾತಿದು. ಮೊನ್ನೆ ಯಾರೋ ಕುಳಿತು ಎದ್ದುಹೋದರು ಎಂಬುದು ಆ ನೆಲದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಕೆಂಪುಹಳದಿ

ಬೇಲಿಯ ವಿಷಯದಲ್ಲಿ ಲೌಸಿಟ್ಸ್‌ವಾಸಿಯವರ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಬೇಲಿಯ ಈಚೆಗಿನ ನೀರಿನ ಬಗ್ಗೆ ನಾನು ಹೇಳುತ್ತೇನೆ. ಐದು ಬೇಸಿಗೆಗಳಿಂದ ಭಾನುವಾರಗಳಂದು ಬೇರೊಂದು ಸರೋವರದ ದಡದಲ್ಲಿ ಸ್ವಯಂಸೇವಕಿಯಾಗಿ ಕಾವಲು ಕೂರುತ್ತೇನೆ.

ಈ ದೇಶದಲ್ಲಿ ನೀರಿನ ಕಾವಲಿಗೆ ದೊಡ್ಡ ಪರಂಪರೆಯೇ ಇದೆ. 1912ರ ಜುಲೈಯಲ್ಲಿ ರ‍್ಯೂಗೆನ್ ದ್ವೀಪದ ಬಿನ್ಸ್ ಎಂಬ ಊರಿನಲ್ಲಿ ಹಡಗುಕಟ್ಟೆ ಮುರಿದು ಬಿದ್ದು ಹಲವರು ಮುಳುಗಿ ಸತ್ತರು. ದಡ ಕಣ್ಣಳತೆಯಲ್ಲೇ ಇತ್ತು, ಆದರೆ ಆ ಕಾಲದ ಜನರಲ್ಲಿ ಹೆಚ್ಚಿನವರಿಗೆ ಈಜು ಬರುತ್ತಿರಲಿಲ್ಲ. ಆ ದುಃಖದಿಂದ ಹುಟ್ಟಿದ್ದೇ ಡಿ.ಎಲ್.ಆರ್.ಜಿ. ಎಂಬ ಜೀವರಕ್ಷಕ ಸಂಘ, 1913ರಲ್ಲಿ ಲೈಪ್‌ತ್ಸಿಗ್ ನಗರದಲ್ಲಿ. ಇದರ ಜೊತೆಗೆ ರೆಡ್ ಕ್ರಾಸಿನ "ವಾಸರ್‌ವಾಖ್ಟ್" ದಳವೂ ಇದೆ. ಕಾವಲು ಕೂರುವವರಲ್ಲಿ ಬಹುಪಾಲು ನಮ್ಮಂಥ ಸಂಬಳವಿಲ್ಲದ ಸ್ವಯಂಸೇವಕರು.

ದಡದಲ್ಲಿ ಮೇಲೆ ಕೆಂಪು, ಕೆಳಗೆ ಹಳದಿ ಇರುವ ಬಾವುಟ ಹಾರುತ್ತಿದ್ದರೆ ಕಾವಲಿಗೆ ಜನರಿದ್ದಾರೆ ಎಂದರ್ಥ. ಅದರ ಜೊತೆಗೆ ಹಳದಿ ಬಾವುಟವೂ ಇದ್ದರೆ ಮಕ್ಕಳೂ ಈಜಿನಲ್ಲಿ ಪಳಗದವರೂ ಇಳಿಯಬಾರದು. ಕೆಂಪು ಬಾವುಟವೆಂದರೆ ಯಾರೂ ಇಳಿಯುವಂತಿಲ್ಲ. ಬಾವುಟವೇ ಇಲ್ಲದಿದ್ದರೆ ನಿಮ್ಮನ್ನು ನೋಡುವವರು ಯಾರೂ ಇಲ್ಲ. ನೀವು ಆಯ್ಕೆ ಮಾಡಬೇಕಾದದ್ದು ಜನರಿಲ್ಲದ ದಡವನ್ನಲ್ಲ, ಜನರಿರುವ ದಡವನ್ನೇ.

2024ರಲ್ಲಿ ಜರ್ಮನಿಯಲ್ಲಿ ಕನಿಷ್ಠ 411 ಮಂದಿ ಮುಳುಗಿ ಸತ್ತರು ಎಂದು ಡಿ.ಎಲ್.ಆರ್.ಜಿ. ಲೆಕ್ಕ ಕೊಟ್ಟಿದೆ. ಬಹುಪಾಲು ಸಾವುಗಳು ಆದದ್ದು ಸಮುದ್ರದಲ್ಲಲ್ಲ, ನದಿ ಮತ್ತು ಸರೋವರಗಳಲ್ಲಿ. ಸತ್ತವರಲ್ಲಿ ಗಂಡಸರೇ ಬಹಳ. ಈಜು ಬರುತ್ತದೆ ಎಂಬ ಧೈರ್ಯದಿಂದ ಇಳಿದವರೂ ಆ ಲೆಕ್ಕದಲ್ಲಿದ್ದಾರೆ.

ಇನ್ನೊಂದು ಮಾತು. ಮುಳುಗುವವರು ಕೈ ಬೀಸಿ ಕೂಗುತ್ತಾರೆಂದು ಕಾಯಬೇಡಿ. ಉಸಿರಿಗೇ ಬಿಡುವಿಲ್ಲದವನಿಗೆ ಕೂಗಲು ಎಲ್ಲಿಂದ ಸಾಧ್ಯ? ಬಾಯಿ ನೀರಿನ ಮಟ್ಟದಲ್ಲಿ ಏಳುತ್ತಾ ಮುಳುಗುತ್ತಾ, ಕೈಗಳು ನೀರನ್ನು ಕೆಳಕ್ಕೆ ಒತ್ತುತ್ತಾ, ದೇಹ ನೆಟ್ಟಗೆ ನಿಂತಂತೆ ಇರುತ್ತದೆ. ಪಕ್ಕದಲ್ಲಿದ್ದವರಿಗೆ ಆಟವಾಡುತ್ತಿರುವಂತೆಯೇ ಕಾಣುತ್ತದೆ. ಒಂದು ನಿಮಿಷದೊಳಗೆ ಎಲ್ಲ ಮುಗಿದುಹೋಗಬಹುದು.

ಕಡಲಮಗಳು

ನಾನು ಉಡುಪಿಯ ಕಡೆಯವಳು, ಅಲೆಗಳ ನಡುವೆ ಬೆಳೆದವಳು. ಇಲ್ಲಿ ಮೊದಲ ಸಲ ಸರೋವರಕ್ಕಿಳಿದಾಗ ನನ್ನ ದೇಹವೇ ಭಾರವಾದಂತೆ ಅನ್ನಿಸಿತು. ಇದು ಎಲ್ಲರಿಗೂ ಹೀಗೆಯೇ, ಅಥವಾ ನನ್ನ ಭ್ರಮೆಯೇ?

ಕೆಂಪುಹಳದಿ

ಭ್ರಮೆಯಲ್ಲ. ಅರಬ್ಬೀ ಸಮುದ್ರದ ನೀರಿನಲ್ಲಿ ಶೇಕಡಾ 3.5ರಷ್ಟು ಉಪ್ಪಿರುವುದರಿಂದ ಅದು ಸಿಹಿನೀರಿಗಿಂತ ಭಾರ, ದೇಹವನ್ನು ಹೆಚ್ಚು ಎತ್ತಿ ಹಿಡಿಯುತ್ತದೆ. ಸಿಹಿನೀರಿನಲ್ಲಿ ತೆಳ್ಳಗಿನ ಮೈಯವರು, ವಿಶೇಷವಾಗಿ ಯುವಕರು, ಉಸಿರು ಬಿಟ್ಟ ಕೂಡಲೇ ಕೆಳಗಿಳಿಯುತ್ತಾರೆ. ಉತ್ತರದ ಬಾಲ್ಟಿಕ್ ಸಮುದ್ರಕ್ಕೆ ಹೋದರೂ ನಮ್ಮ ಕಡಲಿನಷ್ಟು ಉಪ್ಪು ಸಿಗುವುದಿಲ್ಲ. ಆದ್ದರಿಂದ ಕರಾವಳಿಯವರು ಇಲ್ಲಿ ತಮ್ಮ ಅಳತೆಯನ್ನು ಹೊಸದಾಗಿ ಕಲಿಯಬೇಕು. ದಣಿವಾದರೆ ಅಂಗಾತ ಮಲಗಿ, ಎದೆ ತುಂಬ ಗಾಳಿ ಹಿಡಿದು, ಸಣ್ಣ ಸಣ್ಣ ಉಸಿರಾಡುವುದನ್ನು ಮೊದಲು ಎದೆಮಟ್ಟದ ನೀರಿನಲ್ಲಿ ಅಭ್ಯಾಸ ಮಾಡಿಕೊಳ್ಳಿ.

ತುಂಗೆಯದಡ

ಬಾವಿಯಲ್ಲಿ ಕಲಿತವರ ಬಗ್ಗೆ ನನ್ನದೂ ಒಂದು ಮಾತಿದೆ. ಬಾವಿಯ ಈಜು ನನಗೆ ಪ್ರಾಣಕ್ಕೆ ಸಮ, ನಾನೂ ಹಾಗೆಯೇ ಕಲಿತವನು. ಬಾವಿ ಕಲಿಸುವುದು ಧುಮುಕುವುದನ್ನು, ಆಳಕ್ಕೆ ಹೆದರದಿರುವುದನ್ನು. ಆದರೆ ಬಾವಿಯಲ್ಲಿ ಹತ್ತು ಕೈ ಹಾಕಿದರೆ ಕಲ್ಲಿನ ಗೋಡೆ ಸಿಗುತ್ತದೆ, ಮೆಟ್ಟಿಲು ಸಿಗುತ್ತದೆ. ಮೇಲೆ ಮಾವನೋ ಅಜ್ಜನೋ ಹಗ್ಗ ಹಿಡಿದು ನಿಂತಿರುತ್ತಾರೆ. ನಾನು ಜರ್ಮನಿಗೆ ಬಂದ ಮೊದಲ ವರ್ಷ, ದಕ್ಷಿಣದ ಒಂದು ಸರೋವರದಲ್ಲಿ, ಎದುರಿನ ದಡ ಹತ್ತಿರವೇ ಇದೆ ಎಂದು ತಿಳಿದು ಹೊರಟೆ. ನೀರಿನ ಮೇಲೆ ದೂರ ಯಾವಾಗಲೂ ಕಡಿಮೆಯಾಗಿಯೇ ಕಾಣುತ್ತದೆ ಎಂಬುದು ಆಗ ಗೊತ್ತಿರಲಿಲ್ಲ. ಅರ್ಧ ದಾರಿಯಲ್ಲಿ ಬಲಗಾಲಿನ ಮೀನಖಂಡ ಹಿಡಿದುಕೊಂಡಿತು. ಹಿಡಿಯಲು ಗೋಡೆಯಿಲ್ಲ, ನಿಲ್ಲಲು ನೆಲವಿಲ್ಲ, ಕೂಗಿದರೆ ಕೇಳುವವರಿಲ್ಲ. ಅಂಗಾತ ಮಲಗಿ, ಕೈಗಳಿಂದಲೇ ನೀರು ತಳ್ಳಿಕೊಂಡು, ಎಷ್ಟು ಹೊತ್ತಾಯಿತೋ ತಿಳಿಯದಂತೆ ವಾಪಸು ಬಂದೆ. ಅಂದಿನಿಂದ ನಾನು ದಡಕ್ಕೆ ಸಮಾನಾಂತರವಾಗಿ, ಬೇಕೆಂದಾಗ ಕಾಲೂರಬಹುದಾದ ಆಳದಲ್ಲಿ ಮಾತ್ರ ಉದ್ದಕ್ಕೆ ಈಜುತ್ತೇನೆ. ಈಜುವ ಸುಖದಲ್ಲಿ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ.

ಮೈಸೂರುಮಲ್ಲಿಗೆ

ತಣ್ಣೀರಿನ ಆಘಾತದ ಬಗ್ಗೆ ಯಾರೂ ಇನ್ನೂ ಹೇಳಲಿಲ್ಲ. ನನಗೆ ಆದದ್ದು ಮೇ ತಿಂಗಳಿನಲ್ಲಿ. ಗಾಳಿ 28 ಡಿಗ್ರಿ ಇತ್ತು, ಮೈ ಸುಡುತ್ತಿತ್ತು, ಕಟ್ಟೆಯಿಂದ ನೇರವಾಗಿ ನೀರಿಗೆ ಹಾರಿದೆ. ನೀರು ಹದಿನೈದು ಡಿಗ್ರಿಯೂ ಇರಲಿಲ್ಲವೆಂದು ಆಮೇಲೆ ತಿಳಿಯಿತು. ತಲೆ ಮುಳುಗಿದ ಕ್ಷಣದಲ್ಲೇ ಎದೆ ತಾನಾಗಿ ಉಸಿರೆಳೆದುಕೊಂಡಿತು, ಬಾಯಿಗೆ ನೀರು ನುಗ್ಗಿತು. ಮೇಲೆ ಬಂದ ಮೇಲೂ ಉಸಿರು ಹತೋಟಿಗೆ ಬರಲಿಲ್ಲ. ಕೈಕಾಲುಗಳಿಗೆ ಈಜು ಮರೆತೇಹೋಗಿತ್ತು. ಪಕ್ಕದಲ್ಲಿದ್ದ ವಯಸ್ಸಾದ ಜರ್ಮನ್ ಮಹಿಳೆಯೊಬ್ಬರು ತಮ್ಮ ತೇಲುಹಾಸನ್ನು ನನ್ನತ್ತ ತಳ್ಳದಿದ್ದರೆ ಇದನ್ನು ಬರೆಯಲು ನಾನು ಇರುತ್ತಿದ್ದೆನೋ ಇಲ್ಲವೋ.

ಕೆಂಪುಹಳದಿ

ನೀವು ಬದುಕಿಕೊಂಡದ್ದು ನಿಜಕ್ಕೂ ಸಂತೋಷದ ಸಂಗತಿ. ಆ ಉಸಿರೆಳೆತ ಮನಸ್ಸಿನ ದೌರ್ಬಲ್ಯವಲ್ಲ. ತಣ್ಣೀರು ಚರ್ಮಕ್ಕೆ ತಾಗಿದಾಗ ದೇಹ ತಾನಾಗಿ ಮಾಡುವ ಕ್ರಿಯೆ. ಎರಡು ಮೂರು ನಿಮಿಷಗಳಲ್ಲಿ ಅದು ಇಳಿಯುತ್ತದೆ, ಅಷ್ಟು ಹೊತ್ತು ತೇಲಿಕೊಂಡಿದ್ದರೆ ಸಾಕು. ಹಾರಬೇಡಿ, ನಡೆದುಕೊಂಡು ಇಳಿಯಿರಿ, ಕೈ, ಕತ್ತು, ಎದೆಗೆ ನೀರು ಎರಚಿಕೊಳ್ಳಿ. ನಮ್ಮ ಅಜ್ಜಿಯರು ಹೊಳೆಗೆ ಇಳಿಯುವ ಮೊದಲು ತಲೆಗೆ ನೀರು ಪ್ರೋಕ್ಷಿಸಿಕೊಳ್ಳುತ್ತಿದ್ದದ್ದು ಭಕ್ತಿಯಿಂದಲೇ ಇರಬಹುದು, ಆದರೆ ಇಲ್ಲಿ ಅದು ಬಹಳ ಒಳ್ಳೆಯ ಅಭ್ಯಾಸ.

ಜುಲೈ ತಿಂಗಳಲ್ಲೂ ಎಚ್ಚರ ಬೇಕು. ಆಳವಾದ ಸರೋವರಗಳಲ್ಲಿ ಬೇಸಿಗೆಯ ಬಿಸಿ ಮೇಲಿನ ಕೆಲವು ಮೀಟರುಗಳಲ್ಲಿ ಮಾತ್ರ ಇರುತ್ತದೆ. ಅದರ ಕೆಳಗೆ ಒಂದೆರಡು ಮೀಟರಿನೊಳಗೆ ನೀರು ಥಟ್ಟನೆ ತಣ್ಣಗಾಗುತ್ತದೆ. ಮುಳುಗು ಹಾಕಿದವನು ಒಮ್ಮೆಗೇ ಆ ಪದರಕ್ಕೆ ಇಳಿದರೆ ಮೈಸೂರುಮಲ್ಲಿಗೆಯವರಿಗೆ ಆದದ್ದೇ ಆಗುತ್ತದೆ. ತಳ ಕಾಣದ ಕಡೆ ತಲೆ ಮುಂದಾಗಿ ಹಾರುವುದಂತೂ ಕತ್ತು ಮುರಿದುಕೊಳ್ಳುವ ದಾರಿ.

ಅವಲಕ್ಕಿಪ್ರಿಯ

ಬುತ್ತಿಯ ವಿಷಯ ಬಂದಿದ್ದರಿಂದ ಕೇಳುತ್ತೇನೆ. ಊಟವಾದ ಮೇಲೆ ಒಂದು ಗಂಟೆ ನೀರಿಗಿಳಿಯಬಾರದು ಎಂದು ಅಮ್ಮ ಹೇಳುತ್ತಿದ್ದರು. ಇಲ್ಲಿನ ಹಳೆಯ ಸ್ನಾನ ನಿಯಮಗಳಲ್ಲೂ ಹೊಟ್ಟೆ ತುಂಬಿದಾಗ ಈಜಬೇಡಿ ಎಂದಿದೆ. ಇದು ಸರಿಯೇ?

ಬಾವಿಯೀಜುಗ

ಇದಕ್ಕೆ ಗಟ್ಟಿಯಾದ ಆಧಾರವಿಲ್ಲ ಎಂದೇ ಓದಿದ್ದೇನೆ. ಹೊಟ್ಟೆ ಬಿರಿಯುವಂತೆ ಉಂಡು ದೂರ ಈಜಿದರೆ ಕಷ್ಟವಾಗುತ್ತದೆ, ಅಷ್ಟೇ.

ಕೆಂಪುಹಳದಿ

ಈ ಮಾತಿನಲ್ಲಿ ಬಾವಿಯೀಜುಗರ ಪಕ್ಷ ನನ್ನದೂ. ಊಟ ಮಾಡಿದ್ದರಿಂದಲೇ ಮುಳುಗಿದವರನ್ನು ನಾನು ಕಂಡಿಲ್ಲ. ಬಿಯರ್ ಕುಡಿದು ಇಳಿದವರನ್ನು ಎಳೆದು ತಂದಿದ್ದೇನೆ. ನಿಮ್ಮ ಬುತ್ತಿಯಲ್ಲಿ ಪುಳಿಯೋಗರೆ ಎಷ್ಟು ಬೇಕಾದರೂ ಇರಲಿ, ಬಾಟಲಿ ಮಾತ್ರ ಈಜು ಮುಗಿಯುವ ತನಕ ಬೇಡ.

ಕಲಬುರಗಿಬಿಸಿಲು

ಗಣಿಯ ನೀರು ಎಂದಿರಿ. ಅದರಲ್ಲಿ ವಿಷ, ಆಮ್ಲ ಏನೂ ಇರುವುದಿಲ್ಲವೇ? ನನ್ನ ತಂಗಿ ಕಳೆದ ವರ್ಷ ಬೇರೊಂದು ಸರೋವರದಿಂದ ಬಂದ ಮೇಲೆ ಮೈಯೆಲ್ಲ ಕೆಂಪು ಗುಳ್ಳೆಗಳೆದ್ದು ಒಂದು ವಾರ ತುರಿಸಿಕೊಂಡಳು.

ಲೌಸಿಟ್ಸ್‌ವಾಸಿ

ಒಳ್ಳೆಯ ಪ್ರಶ್ನೆ. ಗಣಿಯ ಮಣ್ಣಿನಲ್ಲಿರುವ ಪೈರೈಟ್ ಖನಿಜಕ್ಕೆ ಗಾಳಿ ನೀರು ತಾಗಿದಾಗ ಗಂಧಕಾಮ್ಲ ಹುಟ್ಟುತ್ತದೆ. ನೆರೆಯ ಕೆಲವು ಹೊಸ ಸರೋವರಗಳಲ್ಲಿ ನೀರಿನ ಪಿಎಚ್ (ಏಳಕ್ಕಿಂತ ಕಡಿಮೆಯಾದಷ್ಟೂ ಆಮ್ಲ ಹೆಚ್ಚು) ಮೂರರ ಆಸುಪಾಸಿನಲ್ಲಿತ್ತು. ಹಡಗಿನಿಂದ ಸುಣ್ಣ ಹರಡಿ ಅದನ್ನು ಸರಿಪಡಿಸುತ್ತಾ ಬಂದಿದ್ದಾರೆ. ಝೆನ್ಫ್ಟೆನ್‌ಬರ್ಗ್ ಸರೋವರ ಹಳೆಯದು, ನದಿಯ ನೀರಿನಿಂದ ತುಂಬಿದ್ದು, ಅರ್ಧ ಶತಮಾನದಿಂದ ಜನ ಸ್ನಾನ ಮಾಡುತ್ತಿರುವುದು. ಅಧಿಕೃತ ಸ್ನಾನದ ದಡಗಳ ನೀರನ್ನು ಐರೋಪ್ಯ ಒಕ್ಕೂಟದ ನಿಯಮದಂತೆ ಬೇಸಿಗೆಯುದ್ದಕ್ಕೂ ಪರೀಕ್ಷಿಸುತ್ತಾರೆ, ಮುಖ್ಯವಾಗಿ ಇ-ಕೋಲೈ ಮತ್ತು ಎಂಟರೋಕಾಕಸ್ ಎಂಬ ಕರುಳಿನ ಬ್ಯಾಕ್ಟೀರಿಯಾಗಳಿಗಾಗಿ. ಫಲಿತಾಂಶವನ್ನು ದಡದ ಫಲಕದಲ್ಲಿ ನೋಡಬಹುದು.

ನಿಮ್ಮ ತಂಗಿಗೆ ಆದದ್ದು ಬಹುಶಃ "ತ್ಸೆರ್ಕಾರಿಯನ್" ಕಡಿತ. ಬಾತುಕೋಳಿಗಳ ಮೈಯಲ್ಲಿ ಬಾಳುವ ಪರಾವಲಂಬಿಯ ಮರಿಗಳವು. ದಾರಿ ತಪ್ಪಿ ಮನುಷ್ಯರ ಚರ್ಮಕ್ಕೆ ಹೊಕ್ಕು ಅಲ್ಲೇ ಸಾಯುತ್ತವೆ. ತುರಿಕೆ ಬಿಟ್ಟರೆ ದೊಡ್ಡ ತೊಂದರೆಯಿಲ್ಲ. ಬಾತುಗಳಿರುವ ಬೆಚ್ಚಗಿನ ಕಿರುನೀರಿನಲ್ಲಿ ಬಹಳ ಹೊತ್ತು ನಿಲ್ಲಬಾರದು, ಹೊರಬಂದ ತಕ್ಷಣ ಮೈಯನ್ನು ಉಜ್ಜಿ ಒರೆಸಿಕೊಳ್ಳಬೇಕು.

ನೀರಿನಲ್ಲಿ ಬೆಳೆಯುವ, ವಿಷಕಾರಿಯಾಗಬಹುದಾದ ನೀಲಿಪಾಚಿಗೆ ಒಂದು ಸುಲಭ ಪರೀಕ್ಷೆಯಿದೆ. ಮೊಳಕಾಲು ಮುಳುಗುವಷ್ಟು ನೀರಿನಲ್ಲಿ ನಿಂತು ಕೆಳಗೆ ನೋಡಿ; ಹಸಿರು ಕಲಕಿನಿಂದಾಗಿ ನಿಮ್ಮ ಪಾದಗಳು ನಿಮಗೇ ಕಾಣದಿದ್ದರೆ ಅಂದು ಈಜು ಬೇಡ.

ನೀರಹಾದಿ

ಈಜು ಬಾರದ ಆ ಇಬ್ಬರ ಬಗ್ಗೆ ಯಾರಾದರೂ ಹೇಳಿ. ನನಗೆ ಅವರದ್ದೇ ಚಿಂತೆ.

ಕೆಂಪುಹಳದಿ

ನನಗೂ ಅವರದ್ದೇ ಹೆಚ್ಚಿನ ಚಿಂತೆ. ಸೊಂಟದ ನೀರು ಎಂಬುದು ಸರೋವರದಲ್ಲಿ ಒಂದು ಗೆರೆಯಲ್ಲ. ಅಗೆದು ಮಾಡಿದ ಗುಂಡಿಗಳಲ್ಲಿ ತಳ ಮೆಲ್ಲಗೆ ಇಳಿಯುತ್ತದೆ ಎಂಬ ಖಾತರಿಯಿಲ್ಲ. ಸೊಂಟದಿಂದ ಮುಂದಿನ ಎರಡು ಹೆಜ್ಜೆಗೆ ತಲೆ ಮುಳುಗುವ ಆಳ ಬರಬಹುದು, ಕಾಲಡಿಯ ಮರಳು ಜಾರಬಹುದು. ಈಜು ಬಾರದವರು ಗುರುತು ಹಾಕಿದ ಕಿರುನೀರಿನ ಭಾಗದಲ್ಲಿ ಮಾತ್ರ, ದಡದತ್ತ ಮುಖ ಮಾಡಿ, ಮೊಳಕಾಲಿನಿಂದ ತೊಡೆಯವರೆಗಿನ ನೀರಿನಲ್ಲಿರಲಿ. ಈಜು ಬರುವ ಒಬ್ಬರು ಅವರ ಪಕ್ಕದಲ್ಲೇ, ಕೈಗೆ ಎಟಕುವ ದೂರದಲ್ಲಿ, ಫೋನನ್ನು ದಡದ ಚೀಲದಲ್ಲಿಟ್ಟು ನಿಂತಿರಲಿ. ಗಾಳಿ ತುಂಬಿದ ಹಾಸಿಗೆ, ಹಂಸದ ಬೊಂಬೆ ಇವನ್ನೆಲ್ಲ ನಂಬಿ ಬಿಡಬೇಡಿ. ದಡದಿಂದ ಆಚೆಗೆ ಬೀಸುವ ಗಾಳಿ ಅವನ್ನು ಎಷ್ಟು ಬೇಗ ಒಯ್ಯುತ್ತದೆ ಎಂದು ನೋಡಿದವರಿಗೇ ಗೊತ್ತು.

ಈಜುಕೊಳದಲ್ಲಿ ಕಲಿತ ಇಬ್ಬರಿಗೂ ಒಂದು ಅಳತೆಗೋಲು ಹೇಳುತ್ತೇನೆ. ಇಲ್ಲಿನ ಮಕ್ಕಳು ಮೊದಲು ಪಡೆಯುವ "ಝೇಪ್ಫೇರ್ಟ್‌ಶೆನ್" ಎಂಬ ಸಮುದ್ರಕುದುರೆಯ ಪದಕಕ್ಕೆ ಈಜಬೇಕಾದ ದೂರ ಬರೀ 25 ಮೀಟರ್. ಅದನ್ನು ಪಡೆದ ಮಗುವನ್ನು ಸುರಕ್ಷಿತವಾಗಿ ಈಜು ಬಲ್ಲವನೆಂದು ಡಿ.ಎಲ್.ಆರ್.ಜಿ. ಪರಿಗಣಿಸುವುದಿಲ್ಲ. ಕಂಚಿನ ಪದಕಕ್ಕೆ 15 ನಿಮಿಷ ನಿಲ್ಲದೆ ಕನಿಷ್ಠ 200 ಮೀಟರ್ ಈಜಬೇಕು, ಎರಡು ಮೀಟರ್ ಆಳದಿಂದ ವಸ್ತುವೊಂದನ್ನು ಎತ್ತಿ ತರಬೇಕು. ಅಷ್ಟು ಬಂದವನನ್ನೇ ಸುರಕ್ಷಿತ ಈಜುಗನೆಂದು ಲೆಕ್ಕಕ್ಕೆ ತೆಗೆದುಕೊಳ್ಳುವುದು. ಕೊಳದಲ್ಲಿ ಗೋಡೆ ಮುಟ್ಟದೆ ಹದಿನೈದು ನಿಮಿಷ ಈಜಲಾಗದವರು ಸರೋವರದಲ್ಲಿ ಕಾಲು ನಿಲುಕದ ಕಡೆಗೆ ಹೋಗಬಾರದು.

ಕಡಲಮಗಳು

ಯಾರಾದರೂ ಮುಳುಗುತ್ತಿದ್ದರೆ ನಾವು ಏನು ಮಾಡಬೇಕು? ನೋಡುತ್ತಾ ನಿಂತರೆ ಇಲ್ಲಿ ಅಪರಾಧವೆಂದು ಕೇಳಿದ್ದೇನೆ.

ತುಂಗೆಯದಡ

ಹೌದು, ಜರ್ಮನ್ ದಂಡಸಂಹಿತೆಯ 323ಸಿ ಕಲಮಿನ ಪ್ರಕಾರ ಅಪಘಾತದಲ್ಲಿ ನೆರವು ನೀಡದಿರುವುದು ಅಪರಾಧ. ಒಂದು ವರ್ಷದವರೆಗೆ ಸೆರೆ ಅಥವಾ ದಂಡ ವಿಧಿಸಬಹುದು. ಆದರೆ ನಿಮ್ಮ ಜೀವವನ್ನೇ ಅಪಾಯಕ್ಕೆ ಒಡ್ಡಿ ಹಾರಬೇಕೆಂದು ಕಾನೂನು ಹೇಳುವುದಿಲ್ಲ. ತುರ್ತು ಸಂಖ್ಯೆ 112ಕ್ಕೆ ಕರೆ ಮಾಡುವುದೂ, ಕೂಗಿ ಜನ ಸೇರಿಸುವುದೂ, ತೇಲುವ ವಸ್ತು ಎಸೆಯುವುದೂ ನೆರವೇ.

ಕೆಂಪುಹಳದಿ

ಮೊದಲು ಕೂಗಿ, "ಹಿಲ್ಫೆ" (ಸಹಾಯ) ಎಂದು. ಒಬ್ಬರು 112ಕ್ಕೆ ಕರೆ ಮಾಡಲಿ. ದಡದ ಹೆಸರನ್ನು ಹೇಳಲಿ. ಬರೀ "ಸರೋವರದ ಹತ್ತಿರ" ಎಂದರೆ ಅಷ್ಟು ದೊಡ್ಡ ನೀರಿನ ಸುತ್ತ ಅವರು ಎಲ್ಲಿ ಹುಡುಕಬೇಕು? ನೀಮ್ಚ್, ಬುಖ್‌ವಾಲ್ಡೆ, ಗ್ರೋಸ್‌ಕೋಶೆನ್, ಇವುಗಳಲ್ಲಿ ಯಾವ ದಡದಲ್ಲಿದ್ದೇವೆ ಎಂಬುದನ್ನು ಹೋದ ಕೂಡಲೇ ಎಲ್ಲರೂ ಬಾಯಿಪಾಠ ಮಾಡಿಕೊಳ್ಳಿ. ಇನ್ನೊಬ್ಬರು ಮುಳುಗುವವರ ಮೇಲಿನ ಕಣ್ಣನ್ನು ಕದಲಿಸದೆ ಕೈ ತೋರಿಸುತ್ತಾ ನಿಲ್ಲಲಿ. ನೀರಿನ ಮೇಲೆ ಒಮ್ಮೆ ಕಣ್ಣು ತಪ್ಪಿದರೆ ಜಾಗ ಮತ್ತೆ ಸಿಗುವುದಿಲ್ಲ. ಚೆಂಡು, ಮುಚ್ಚಳ ಹಾಕಿದ ಖಾಲಿ ಬಾಟಲಿಗಳ ಚೀಲ, ಕೊಂಬೆ, ಟವೆಲ್, ಕೈಗೆ ಸಿಕ್ಕಿದ್ದನ್ನು ಚಾಚಿ ಅಥವಾ ಎಸೆಯಿರಿ. ತರಬೇತಿ ಇಲ್ಲದವರು ಬರಿಗೈಯಲ್ಲಿ ಈಜಿಕೊಂಡು ಹೋಗಬಾರದು. ಮುಳುಗುವವನು ಯಾರೆಂದು ನೋಡದೆ ತಬ್ಬಿಕೊಂಡು ಮೇಲೆ ಹತ್ತುತ್ತಾನೆ. ಒಬ್ಬರ ಜೊತೆ ಇನ್ನೊಬ್ಬರೂ ಹೋದ ಸುದ್ದಿಯನ್ನು ನಮ್ಮ ನಾಡಿನ ಕೆರೆಗಳ ವಿಷಯದಲ್ಲಿ ಎಷ್ಟು ಸಲ ಓದಿಲ್ಲ?

ಬಾವಿಯೀಜುಗ

ಎರಡು ದಿನದಿಂದ ಎಲ್ಲವನ್ನೂ ಓದಿದೆ. 2018ರ ಕುಸಿತದ ವಿಷಯ ನನಗೆ ತಿಳಿದಿರಲಿಲ್ಲ. ನಾನು ಈಜಿದ್ದೆಲ್ಲ ಹಿಮನದಿಗಳು ಕೊರೆದ ದಕ್ಷಿಣದ ಸರೋವರಗಳಲ್ಲಿ. ಆ ನೆಲದ ಅನುಭವವನ್ನು ಈ ನೆಲಕ್ಕೆ ಅನ್ವಯಿಸಿದ್ದು ತಪ್ಪು. ಬೇಲಿಯ ಬಗ್ಗೆ ನಾನು ಬರೆದದ್ದನ್ನು ಹಿಂತೆಗೆದುಕೊಳ್ಳುತ್ತೇನೆ. ಆದರೆ ಇನ್ನೊಂದು ಮಾತನ್ನು ಬಿಟ್ಟುಕೊಡಲಾರೆ: ಈಜು ಬಾರದ ಆ ಇಬ್ಬರನ್ನು ದಡದಲ್ಲೇ ಕೂರಿಸಿ ಬಟ್ಟೆ ಕಾಯಲು ಹಚ್ಚಬೇಡಿ, ಅವರಿಗೆ ಕಲಿಸಿ. ದೊಡ್ಡವರಿಗೂ ಇಲ್ಲಿ ಈಜು ತರಗತಿಗಳಿವೆ. ನೀರಿನಿಂದ ದೂರವಿಟ್ಟವರು ಎಂದಾದರೊಂದು ದಿನ ಯಾರೂ ಇಲ್ಲದಾಗ ಇಳಿಯುತ್ತಾರೆ.

ಲೌಸಿಟ್ಸ್‌ವಾಸಿ

ಈ ಮಾತನ್ನು ಮನಸಾರೆ ಒಪ್ಪುತ್ತೇನೆ. ನನ್ನದೊಂದು ಕೊನೆಯ ಸೂಚನೆ: ಈ ಸೀಮೆಯಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬೇಗ ಕಟ್ಟಿಕೊಳ್ಳುತ್ತದೆ. ಮೊದಲ ಗುಡುಗು ಕೇಳಿದಾಗಲೇ ನೀರಿನಿಂದ ಹೊರಬನ್ನಿ, ಒಂಟಿ ಮರದ ಕೆಳಗೆ ನಿಲ್ಲಬೇಡಿ. ಕೋಶೆನ್ ಕಾಲುವೆಯ ಬಾಯಿಯ ಕಡೆಗೂ, ಪಟ್ಟಣದ ದೋಣಿ ಬಂದರಿನ ಕಡೆಗೂ ಈಜಿಕೊಂಡು ಹೋಗಬೇಡಿ. ದೋಣಿ ನಡೆಸುವವರಿಗೆ ನೀರಿನ ಮೇಲಿನ ಕಪ್ಪು ತಲೆ ಕಾಣುವುದೇ ಇಲ್ಲ.

ಹೊಸದಡ

ಎಲ್ಲರಿಗೂ ಕೃತಜ್ಞತೆಗಳು. ಬೇಲಿಯಾಚೆಯ ದಡದ ಯೋಚನೆಯನ್ನು ಅಂದೇ ಕೈಬಿಟ್ಟೆವು. ಶನಿವಾರ ಬೆಳಿಗ್ಗೆ ಎಂಟಕ್ಕೇ ಗ್ರೋಸ್‌ಕೋಶೆನ್ ದಡಕ್ಕೆ ಹೋದದ್ದರಿಂದ ಜಾಗವೂ ಸಿಕ್ಕಿತು. ನಾನು ಬಾವಿಯ ಧೈರ್ಯದಲ್ಲಿ ಇಳಿದು, ಗಡಿಯಾರ ನೋಡಿ, ದಡದ ಉದ್ದಕ್ಕೆ ನಿಲ್ಲದೆ ಈಜಲು ಪ್ರಯತ್ನಿಸಿದೆ. ಒಂಬತ್ತನೆಯ ನಿಮಿಷಕ್ಕೆ ಕಾಲೂರಬೇಕಾಯಿತು. ಚೆನ್ನಾಗಿ ಬರುತ್ತದೆ ಎಂದು ನಾನು ಮೇಲೆ ಬರೆದದ್ದನ್ನು ತಿದ್ದಿಕೊಳ್ಳುತ್ತೇನೆ. ಈಜು ಬಾರದ ಇಬ್ಬರ ಜೊತೆಗೆ ನಾನೂ ಈಜುಕೊಳದ ತರಗತಿಗೆ ಹೆಸರು ಬರೆಸಲು ಕೇಳಿದ್ದೇನೆ, ಶರತ್ಕಾಲದಲ್ಲಿ ಜಾಗವಿದೆಯಂತೆ.

ಮೈಸೂರುಮಲ್ಲಿಗೆ

ಒಂಬತ್ತು ನಿಮಿಷಕ್ಕೆ ಕಾಲೂರಲು ನೆಲ ಸಿಗುವ ಕಡೆ ಈಜಿದಿರಲ್ಲ, ಅದನ್ನು ಓದಿ ನನಗೆ ಸಮಾಧಾನವಾಯಿತು. ತರಗತಿ ಶುರುವಾದ ಮೇಲೆ ಇಲ್ಲಿಯೇ ಬಂದು ಬರೆಯಿರಿ.